ಉಸಿರಿನ ಗಿರಣಿ

ಹುಕ್ಕೇರಿ
೧೨ ಆಗಸ್ಟ್ ೨೦೨೫

ತಮ್ಮ ಗುರುಪಾದನಿಗೆ ಅಕ್ಕನ ಆಶೀರ್ವಾದ.

ಕೈಯಲ್ಲಿ ಫೋನಿಟ್ಟುಕೊಂಡು ಅಕ್ಕ ಕಾಗದ ಬರೆಯುತ್ತಿದ್ದಾಳೆ ಎಂದು ನಗಬೇಡ. ಬೆಳಗಾವಿಯಲ್ಲಿ ಬೈಪಾಸ್ ಆದಾಗ ಗಂಟಲಿಗೆ ಹಾಕಿದ್ದ ನಳಿಕೆಯಿಂದ ನಿನ್ನ ದನಿ ಕೂತಿದೆ, ಮಾತು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದ್ದಾರೆ. ನಾನು ಫೋನ್ ಹಚ್ಚಿದರೆ ನೀನು ಪಿಸುದನಿಯಲ್ಲಿ "ಆರಾಮ ಅದೀನಿ, ಅಕ್ಕಾ" ಎಂದು ಇಟ್ಟುಬಿಡುತ್ತೀಯ. ಆ ಮಾತನ್ನು ನಾನು ನಂಬುವುದಿಲ್ಲ. ಸಾಲಿಯಲ್ಲಿ ಮಕ್ಕಳ ಸುಳ್ಳು ಕೇಳಿ ಕೇಳಿ ನಿವೃತ್ತಳಾದವಳು ನಾನು. ಬರೆಯುವಾಗ ಸುಳ್ಳು ಹೇಳುವುದು ಸ್ವಲ್ಪ ಕಷ್ಟ, ಅದಕ್ಕೇ ಈ ಕಾಗದ.

ನಿನ್ನೆ ಶೈಲಾಳ ಜೊತೆ ಮಾತಾಡಿದೆ. ನಿನ್ನ ಹೆಂಡತಿ ಚಾಡಿ ಹೇಳುವವಳಲ್ಲ, ನಾನೇ ಬಾಯಿ ಬಿಡಿಸಿದೆ. ಗೋಕಾಕದ ಡಾಕ್ಟರ್ ಆಮ್ರಪಾಲಿ ಬರೆದುಕೊಟ್ಟ ಉಸಿರಿನ ಮಷೀನನ್ನು ನೀನು ಮೂಸಿಯೂ ನೋಡುತ್ತಿಲ್ಲವಂತೆ. "ತಿಜೋರಿ ಮ್ಯಾಲೆ ಇಟ್ಟಾರ್ರಿ ಅಕ್ಕಾರ, ಮ್ಯಾಲೊಂದು ಧೋತರ ಮುಚ್ಯಾರ" ಎಂದಳು. ತಂದ ಮಷೀನಿಗೆ ಧೋತರ ಉಡಿಸಿ ಕೂಡಿಸಿದ್ದೀಯಲ್ಲ, ನಿನಗೆ ಏನೆನ್ನಬೇಕು?

ಆ ದಿನ ಡಾಕ್ಟರ ಮುಂದೆ ನೀನು ತಲೆ ಅಲ್ಲಾಡಿಸುತ್ತ ಕೂತಿದ್ದೆ, ಕೇಳಿಸಿಕೊಂಡವಳು ನಾನು. ನಿದ್ದೆ ಹತ್ತಿದ ಮೇಲೆ ನಿನ್ನ ಗಂಟಲು ಸಡಿಲಾಗಿ ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ. ಎದೆ ಒದ್ದಾಡಿ ನಿನ್ನನ್ನು ಅರ್ಧ ಎಬ್ಬಿಸಿದ ಮೇಲೆ ಮತ್ತೆ ಶುರುವಾಗುತ್ತದೆ. ರಾತ್ರಿಯಿಡೀ ಇದೇ ಆಟ. ಮೊದಲು ಮಗ್ಗುಲಾಗಿ ಮಲಗುತ್ತಿದ್ದೆ, ಹೇಗೋ ನಡೆಯಿತು. ಈಗ ಎದೆಯ ಎಲುಬು ಕೂಡುವ ತನಕ ಅಂಗಾತವೇ ಮಲಗಬೇಕು, ಅಂಗಾತ ಮಲಗಿದರೆ ಗಂಟಲು ಇನ್ನೂ ಬೇಗ ಮುಚ್ಚುತ್ತದೆ. "ಆಪರೇಷನ್ ಆದ ಹೃದಯ ರಾತ್ರಿಯಾದ್ರೂ ಆರಾಮ ತಗೋಬೇಕ್ರಿ. ಇವರದು ರಾತ್ರಿನ ಹೆಚ್ಚು ದುಡೀತೈತಿ" ಎಂದರು ಆಮ್ರಪಾಲಿ.

ನನಗೆ ಅಲ್ಲೇ ಅಪ್ಪನ ನೆನಪಾಯಿತು. ಗಿರಣಿಯ ಅಷ್ಟು ಸದ್ದಿನಲ್ಲೂ ಚೀಲಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಜೋಳ ಬೀಸಿಸಲು ಬಂದವರು "ಚಿಂತಿ ಇಲ್ಲದವಂಗ ಸಂತ್ಯಾಗೂ ನಿದ್ದಿ" ಎಂದು ನಗುತ್ತಿದ್ದರು. ಐವತ್ತು ದಾಟಿ ಎರಡು ವರ್ಷ ಆಗಿರಲಿಲ್ಲ, ಒಂದು ಬೆಳಿಗ್ಗೆ ಏಳಲಿಲ್ಲ. "ಮಲಗಿದಲ್ಲೇ ಲಿಂಗೈಕ್ಯ ಆದ್ರು, ಪುಣ್ಯವಂತರು" ಎಂದು ಮೂಡಲಗಿಯ ಮಂದಿಯೆಲ್ಲ ಹೇಳಿದರು. ನಾವೂ ನಂಬಿದೆವು. ನಿನಗೆ ಈಗ ಅಪ್ಪನಿಗಿಂತ ಹೆಚ್ಚು ವಯಸ್ಸಾಗಿದೆ. ಆ ಪುಣ್ಯ ನಮ್ಮ ಮನೆಗೆ ಇನ್ನೊಮ್ಮೆ ಬೇಡ, ಗುರು.

ಮಷೀನು ಇಳಿಸು. ಇಳಿಸಿದೆ ಎಂದು ನಿನ್ನ ಕೈಯಾರೆ ಬರೆ.

ನಿನ್ನ ಅಕ್ಕ
ರಾಜೇಶ್ವರಿ

❖

ಮೂಡಲಗಿ
೧೯ ಆಗಸ್ಟ್ ೨೦೨೫

ಅಕ್ಕನಿಗೆ ಶರಣು.

ನಿನ್ನ ಕಾಗದ ಮುಟ್ಟಿತು. ಓದಿ ಶೈಲಾಳ ಕಡೆ ನೋಡಿದೆ, ಅವಳು ರೊಟ್ಟಿ ಹಂಚಿನ ಕಡೆ ಮುಖ ತಿರುಗಿಸಿದಳು. ಅವಳ ಹೊಟ್ಟೆಯಲ್ಲಿದ್ದದ್ದನ್ನು ನೀನು ಹೊರಗೆ ತೆಗೆಯುವ ಹಾಗೆ ತೆಗೆಯಲು ಪೊಲೀಸರಿಗೂ ಬರಲಿಕ್ಕಿಲ್ಲ.

ಮೊದಲು ಒಳ್ಳೆಯ ಸುದ್ದಿ. ಹೊಲಿಗೆ ಒಣಗಿದೆ. ಮುಂಜಾನೆ ಸಂಜೆ ಅಂಗಳದಲ್ಲಿ ಅಡ್ಡಾಡುತ್ತೇನೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮುತ್ತೇನೆ. ಲಿಂಗದ ದಾರ ಗಾಯಕ್ಕೆ ಉಜ್ಜುತ್ತಿತ್ತು, ಸದ್ಯಕ್ಕೆ ತೋಳಿಗೆ ಕಟ್ಟಿಕೊಂಡಿದ್ದೇನೆ. ಗಿರಣಿಯೊಳಗೆ ಕಾಲಿಡಬಾರದು, ಹಿಟ್ಟಿನ ಧೂಳು ಆಗುವುದಿಲ್ಲ ಎಂದಿದ್ದಾರೆ. ಮಾಲಿಂಗ ಒಬ್ಬನೇ ಬೀಸುತ್ತಾನೆ. ಹತ್ತು ವರ್ಷ ನಮ್ಮಲ್ಲಿ ದುಡಿದವನು, ಆದರೂ ಮೋಟರಿನ ಪಟ್ಟಾ ಸಡಿಲಾದದ್ದು ಅವನಿಗಿಂತ ಮೊದಲು ಗೋಡೆಯ ಈಚೆ ಕೂತ ನನಗೆ ತಿಳಿಯುತ್ತದೆ. ಕೂಗಲು ದನಿಯಿಲ್ಲ, ತಾಟು ಬಡಿಯುತ್ತೇನೆ.

ಇನ್ನು ಮಷೀನು. ಒಂದು ಸಲವೂ ಹಾಕಿಲ್ಲ ಎನ್ನುವುದು ಸುಳ್ಳು. ಒಂದು ಸಲ ಹಾಕಿದ್ದೆ. ಮೂಗಿಗೊಂದು ಮುಸುಕು, ಅದಕ್ಕೊಂದು ಸೊಂಡಿಲು, ತಲೆಯ ಸುತ್ತ ಪಟ್ಟಿ. ರಾಶಿ ಮಾಡುವಾಗ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯೇ ಸರಿ. ಅದೇ ಹೊತ್ತಿಗೆ ಮಾಲಿಂಗ ಕೀಲಿ ಕೇಳಲು ಒಳಗೆ ಬಂದ. "ಯಾಕ್ರಿ ಸಾವಕಾರ್ರ, ಇಮಾನ ಹಾರಸಾಕ ಹೊಂಟೀರೇನು?" ಎಂದ. ನಕ್ಕರೆ ಎಲುಬು ನೋಯುತ್ತದೆ, ಅಕ್ಕ. ಅವನಿಗೆ ಅದೂ ತಿಳಿಯುವುದಿಲ್ಲ.

ಖರೆ ಹೇಳಬೇಕೆಂದರೆ ನಾಚಿಕೆಯಿಂದ ತೆಗೆದಿಡಲಿಲ್ಲ. ಬೆಳಗಾವಿಯಲ್ಲಿ ನನಗೆ ಎಚ್ಚರವಾದಾಗ ಗಂಟಲಲ್ಲಿ ನಳಿಕೆ ಇತ್ತು, ಕೈ ಕಟ್ಟಿದ್ದರು. ನನ್ನ ಉಸಿರು ನಾನು ಆಡುತ್ತಿರಲಿಲ್ಲ, ಬೇರೆ ಏನೋ ಆಡಿಸುತ್ತಿತ್ತು. ನಾನು ಬಿಡಬೇಕೆಂದಾಗ ಅದು ತುಂಬುತ್ತಿತ್ತು. ಕೂಗಿದೆ, ದನಿ ಬರಲಿಲ್ಲ. ನಾನು ಸತ್ತಿದ್ದೇನೆ, ಇವರಿಗಿನ್ನೂ ತಿಳಿದಿಲ್ಲ ಎಂದುಕೊಂಡೆ. ಈ ಮುಸುಕಿನಿಂದ ಗಾಳಿ ನುಗ್ಗಿದ ಕೂಡಲೇ ಮತ್ತೆ ಅದೇ ಮಂಚದ ಮೇಲಿದ್ದೆ. ಕಿತ್ತು ಒಗೆದೆ. ಇದನ್ನು ಶೈಲಾಳಿಗೂ ಹೇಳಿಲ್ಲ. ಗಂಡಸು ಗಾಳಿಗೆ ಅಂಜುತ್ತಾನೆ ಎಂದು ಹೇಗೆ ಹೇಳುವುದು?

ಬೈಯಬೇಡ. ಎಲುಬು ಕೂಡಲಿ, ಮಗ್ಗುಲಾಗಲು ಬಿಡಲಿ, ಎಲ್ಲ ಸರಿಹೋಗುತ್ತದೆ. ನಿನ್ನ ಯಜಮಾನರಿಗೆ, ನಮ್ಮ ರಾಚಪ್ಪ ಮಾವನವರಿಗೆ, ನನ್ನ ಶರಣು.

ನಿನ್ನ ತಮ್ಮ
ಗುರುಪಾದ

❖

ಹುಕ್ಕೇರಿ
೨೫ ಆಗಸ್ಟ್ ೨೦೨೫

ಗುರು,

ನಿನ್ನ ಕಾಗದ ಓದಿ ಅತ್ತೆ. ನಿನ್ನ ಮಾವ ಗಾಬರಿಯಾಗಿ "ಯಾರ ಹೋದ್ರು?" ಎಂದು ಕೂಗಿದರು. ಕಿವಿ ಕೆಟ್ಟಾಗಿನಿಂದ ಅವರ ಪಿಸುಮಾತೂ ಓಣಿಗೆಲ್ಲ ಕೇಳುತ್ತದೆ. ಯಾರೂ ಹೋಗಿಲ್ಲ, ನನ್ನ ತಮ್ಮ ಇದ್ದಾನೆ, ಇರಬೇಕು ಎಂದೇ ಅಳುತ್ತಿದ್ದೇನೆ ಎಂದೆ. ಅವರಿಗೆ ಅದೂ ಕೇಳಿಸಲಿಲ್ಲ.

ನಿನ್ನ ಅಂಜಿಕೆಗೆ ನಾನು ನಗುವುದಿಲ್ಲ. ಆದರೆ ಎಲುಬು ಕೂಡುವ ತನಕ ಕಾಯುತ್ತೇನೆ ಎನ್ನುತ್ತೀಯಲ್ಲ, ಆ ತನಕ ಒಂದು ರಾತ್ರಿ ಏನಾದರೂ ಆದರೆ? ಕಾಯಲು ನಿನ್ನ ಹತ್ತಿರ ಹೊತ್ತು ಇರಬಹುದು, ಹೃದಯಕ್ಕೆ ಇದೆಯೇ? ಡಾಕ್ಟರಿಗೆ ಫೋನ್ ಮಾಡಿದೆ. ನಿನ್ನ ಹೆಸರು ಕೆಡಿಸದಂತೆ ಸುತ್ತು ಬಳಸಿ ಕೇಳಿದೆ. ಅವರು ಪಟ್ಟನೆ ಹಿಡಿದರು. "ನಳಿಕಿ ಹಾಕಿಸ್ಕೊಂಡು ಬಂದ ಬಾಳ ಮಂದಿ ಹಿಂಗ ಅಂಜತಾರ್ರಿ. ರಾತ್ರಿ ಬ್ಯಾಡ, ಮೊದಲ ಹಗಲಿ ಕುಂತು ಟಿವಿ ನೋಡ್ಕೋತ ಹಾಕ್ಕೊಳಾಕ ಹೇಳ್ರಿ. ಗಾಳಿ ಸಣ್ಣಗ ಸುರು ಆಗಿ, ನಿದ್ದಿ ಹತ್ತಿದ ಮ್ಯಾಲೆ ಏರೂವಂಗ ಮಾಡಿಕೊಡ್ತೀವಿ" ಎಂದರು. ನಾಡಿದ್ದು ಅವರ ಹುಡುಗರು ಬಂದು ಸರಿಮಾಡುತ್ತಾರೆ. ಬಾಗಿಲು ಹಾಕಿಕೊಂಡು ಕೂಡಬೇಡ.

ಇನ್ನೊಂದು ಮಾತು. ನೀನು ಸಣ್ಣವನಿದ್ದಾಗ ಗಿರಣಿ ಶುರುವಾದರೆ ಅವ್ವನ ಸೆರಗಿನೊಳಗೆ ಹೋಗುತ್ತಿದ್ದೆ. ಅಪ್ಪ ಒಂದು ದಿನ ನಿನ್ನ ಕೈಗೆ ಎಣ್ಣೆಯ ಡಬ್ಬಿ ಕೊಟ್ಟರು, ಪಟ್ಟಾ ಏರಿಸುವುದು ಕಲಿಸಿದರು. ಆಮೇಲೆ ನೀನು ಅಂಜಿದ್ದನ್ನು ನಾನು ನೋಡಿಲ್ಲ. ಬೆಳಗಾವಿಯ ಮಷೀನು ನಿನ್ನನ್ನು ಕಟ್ಟಿಹಾಕಿತ್ತು, ಇದರ ಗುಂಡಿ ನಿನ್ನ ಕೈಯಲ್ಲಿದೆ. ಇದೂ ಒಂದು ಗಿರಣಿ ಎಂದುಕೋ. ಅದಕ್ಕೆ ಜೋಳ, ಇದಕ್ಕೆ ಗಾಳಿ. ಆ ಗಿರಣಿಯನ್ನು ಹೇಗೆ ನೋಡಿಕೊಳ್ಳುತ್ತೀಯೋ ಹಾಗೇ ಇದನ್ನು ನೋಡಿಕೋ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ಅಷ್ಟು ಮಾಡಿದರೆ ನಾನು ಮತ್ತೆ ಬಾಯಿ ತೆಗೆಯುವುದಿಲ್ಲ.

ಅಕ್ಕ

❖

ಮೂಡಲಗಿ
೧೪ ಸೆಪ್ಟೆಂಬರ್ ೨೦೨೫

ಅಕ್ಕ, ಶರಣು.

ನೀನು ಗೆದ್ದೆ.

ಮೊದಲ ದಿನ ಟಿವಿಯ ಮುಂದೆ ಹಾಕಿಕೊಂಡೆ, ಜಾಹೀರಾತು ಮುಗಿಯುವ ತನಕ ತಡೆದೆ. ಮರುದಿನ ಇನ್ನಷ್ಟು ಹೊತ್ತು. ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂಡುತ್ತಿದ್ದೆ, ಅಂಜಿಕೆ ಬಂದರೆ ನಾನೇ ನಿಲ್ಲಿಸುತ್ತಿದ್ದೆ. ನಿಲ್ಲಿಸಬಹುದು ಎಂದು ತಿಳಿದ ಮೇಲೆ ನಿಲ್ಲಿಸುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಹಾಗೇ ನಿದ್ದೆ ಹೋದೆ. ಎದ್ದಾಗ ಸಂಜೆಯಾಗಿತ್ತು, ತಲೆ ಹಗುರವಾಗಿತ್ತು. ಅಂಥ ನಿದ್ದೆ ಯಾವಾಗ ಮಾಡಿದ್ದೆನೋ ನೆನಪಿಲ್ಲ. ಈಗ ಪ್ರತಿ ರಾತ್ರಿ ಹಾಕುತ್ತೇನೆ. "ಗಪ್ಪಾಗಿ ಮಲಗತೀರಿ, ನನಗ ನಿದ್ದಿ ಬರವಲ್ದು" ಎಂದು ಶೈಲಾ ದೂರುತ್ತಾಳೆ. ಗೊರಕೆಯಿಲ್ಲದ ಮನೆ ಅವಳಿಗೆ ಬೇರೆಯವರ ಮನೆಯಂತೆ ಆಗಿದೆಯಂತೆ.

ನೀನು ಹೇಳಿದಂತೆ ಗಿರಣಿಯ ಹಾಗೇ ನೋಡಿಕೊಳ್ಳುತ್ತೇನೆ. ಮುಂಜಾನೆ ಮುಸುಕು ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ನೀರು ಬದಲಿಸುತ್ತೇನೆ. ಗಾಳಿ ಸೋಸುವ ಸಣ್ಣ ಬಟ್ಟೆಯ ಮೇಲೆ ಹಿಟ್ಟು ಕೂಡಬಾರದೆಂದು ಗಿರಣಿಯ ಕಡೆಯ ಕಿಡಕಿ ಮುಚ್ಚಿಸಿದ್ದೇನೆ. ಕರೆಂಟು ಹೋದರೆ ಇನ್ವರ್ಟರ್ ಇದೆ. ಡಾಕ್ಟರು ಬಹಳ ಖುಷಿಯಾದರು, ಮಾಲಿಂಗನೂ ಈಗ ನಗುವುದಿಲ್ಲ. "ಸಣ್ಣ ಗಿರಣಿ ಹೆಂಗೈತ್ರಿ?" ಎಂದು ಅದರ ಕ್ಷೇಮವನ್ನೂ ಕೇಳುತ್ತಾನೆ.

ಈ ಸಲ ಮಹಾನವಮಿಯ ಖಂಡೇ ಪೂಜೆಯಲ್ಲಿ ಹತಾರಗಳ ಜೊತೆ ಇದನ್ನೂ ಗಿರಣಿಯ ಬಾಜೂ ಮಣೆ ಹಾಕಿ ಕೂಡಿಸುತ್ತೇನೆ. ನನ್ನ ಹೊಟ್ಟೆ ಹೊರೆದದ್ದು ಅದು, ಉಸಿರು ಕಾದದ್ದು ಇದು. ನಿನ್ನ ಮಾತಿನಿಂದ ಬಂದ ಜೀವ, ಅಕ್ಕ. ಎದುರಿಗೆ ಹೇಳಲು ನಾಲಿಗೆ ಏಳುವುದಿಲ್ಲ, ಬರೆದಿದ್ದೇನೆ.

ಗುರುಪಾದ

❖

ಹುಕ್ಕೇರಿ
೨೨ ಸೆಪ್ಟೆಂಬರ್ ೨೦೨೫

ಗುರು,

ಇವತ್ತು ಮನೆಯಲ್ಲಿ ನವರಾತ್ರಿಯ ಘಟ ಹಾಕಿದೆವು. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿಯಲು ಬಂದಿದೆ. ಖಂಡೇ ಪೂಜೆಗೆ ಅದನ್ನು ಅವಶ್ಯ ಕೂಡಿಸು. ನನ್ನ ಹೆಸರಿನಲ್ಲೂ ಒಂದು ಹೂವು ಏರಿಸು. ಊದಿನಕಡ್ಡಿಯ ಹೊಗೆ ಮಾತ್ರ ಅದರ ಮೂಗಿಗೆ ಹೋಗದಂತೆ ದೂರ ಹಚ್ಚು.

ಆದರೂ ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಮುಂಜಾನೆ ಶೈಲಾ ಫೋನ್ ಎತ್ತಿ "ಎದ್ದಾರ್ರಿ" ಎನ್ನುವ ತನಕ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಫೋನು ಎರಡು ಸಲ ಬಾರಿಸಿದರೂ ಅವಳು ಎತ್ತದಿದ್ದರೆ ಮೂಡಲಗಿಗೆ ಮುಂದಿನ ಬಸ್ಸು ಎಷ್ಟಕ್ಕೆ ಎಂದು ಲೆಕ್ಕ ಹಾಕುತ್ತೇನೆ. ಎಲ್ಲ ಸರಿಯಾಗಿರುವಾಗಲೇ ನನಗೆ ಹೆಚ್ಚು ಅಂಜಿಕೆ. ಬನ್ನಿ ಮುಡಿಯಲು ಬರಬೇಕೆಂದಿದ್ದೆ, ಹಬ್ಬದ ಬಸ್ಸಿನ ಗದ್ದಲದಲ್ಲಿ ನಿನ್ನ ಮಾವನನ್ನು ಕರೆದುಕೊಂಡು ಬರಲಾರೆ. ದೀಪಾವಳಿಗೆ ಬರುತ್ತೇನೆ. ಬಂಗಾರದಂಗ ಇರೋಣ.

ಅಕ್ಕ

❖

ಗೋಕಾಕ
೫ ಅಕ್ಟೋಬರ್ ೨೦೨೫

ಅಕ್ಕಾರಿಗೆ ಶೈಲಾಳ ಶರಣು.

ಇವರು ಈಗ ಪಾರಾಗಿದ್ದಾರೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗೋಕಾಕದ ಆಸ್ಪತ್ರೆಯಲ್ಲಿದ್ದೇವೆ, ನಾಳೆ ಮನೆಗೆ ಬಿಡುತ್ತಾರೆ. ಬನ್ನಿಯ ದಿನ ನೀವು ಫೋನ್ ಮಾಡಿದಾಗ "ಮಲಗ್ಯಾರ್ರಿ" ಎಂದೆನಲ್ಲ, ಆಗ ಇವರು ಐಸಿಯುದಲ್ಲಿದ್ದರು. ನಿಮಗೆ ತಿಳಿಸಬೇಡ ಎಂದು ಕೈಸನ್ನೆ ಮಾಡಿದರು. ನನಗೂ ಹೇಳಲು ಧೈರ್ಯವಾಗಲಿಲ್ಲ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ನಾನು ಅತ್ತುಬಿಡುತ್ತಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ.

ಖಂಡೇ ಪೂಜೆಯ ದಿನ ಗಿರಣಿ ತೊಳೆಸಿ, ಕಲ್ಲು, ಮೋಟರು, ತಕ್ಕಡಿ, ಬೋಲ್ಟು ಬಿಗಿಯುವ ಪಾನಾ ಎಲ್ಲಕ್ಕೂ ವಿಭೂತಿ ಹಚ್ಚಿದರು. ನಡುವೆ ಮಣೆಯ ಮೇಲೆ ಉಸಿರಿನ ಮಷೀನು ಇಟ್ಟು ಚೆಂಡುಹೂವು ಏರಿಸಿದರು. ನಿಮ್ಮ ಹೆಸರಿನ ಹೂವನ್ನೂ ಏರಿಸಿದರು. ಎಲ್ಲ ಚೆಂದಾಗಿ ಆಯಿತು. ಮಲಗುವ ಹೊತ್ತಿಗೆ ನಾನು ಮಷೀನು ತರಲು ಎದ್ದರೆ ಕೈ ಹಿಡಿದು ಕೂಡಿಸಿದರು. "ಪೂಜಿಗೆ ಕುಂತದ್ದನ್ನ ಎಬ್ಬಸ್ತಾರೇನ? ಖಂಡೇ ಪೂಜಿ ದಿನ ನಮ್ಮ ಗಿರಣ್ಯಾಗ ಒಂದು ಹಿಡಿ ಜ್ವಾಳ ಬೀಸಿಲ್ಲ. ನಾಳಿ ಬನ್ನಿ ಮುಡಿದ ಮ್ಯಾಲೆ ಎತ್ತೋಣು. ಒಂದ ದಿನ ಇದಕ್ಕೂ ಸೂಟಿ" ಎಂದರು. "ಅಕ್ಕನ ಹೇಳ್ಯಾಳ, ಗಿರಣಿ ಹಂಗ ನೋಡ್ಕೋ ಅಂತ" ಎಂದೂ ಅಂದರು.

ಸುಳ್ಳೇಕೆ ಹೇಳಲಿ, ಅದು ನನಗೂ ತಪ್ಪು ಎನ್ನಿಸಲಿಲ್ಲ. ನನ್ನ ತವರಿನಲ್ಲಿ ಪೂಜೆಗಿಟ್ಟ ಕುಡಗೋಲಿನಿಂದ ಆ ದಿನ ಒಂದು ಕಡ್ಡಿ ಹುಲ್ಲು ಕೊಯ್ಯುತ್ತಿರಲಿಲ್ಲ. ಒಂದು ರಾತ್ರಿಯದ್ದೇನು ಎಂದುಕೊಂಡೆ. ಬೆಳಕು ಹರಿಯುವ ಮುಂಚೆ ಇವರು ನನ್ನ ಕೈ ಹಿಂಡಿದರು. ಮೈಯೆಲ್ಲ ಬೆವರು, ತುಟಿ ಕಪ್ಪಾಗಿತ್ತು. ಎದೆಯ ಮೇಲೆ ಕೈಯಿಟ್ಟರೆ ಒಳಗೆ ಲಯವಿಲ್ಲದೆ ಬಡಿಯುತ್ತಿತ್ತು, ಒಮ್ಮೆ ಓಡುವುದು, ಒಮ್ಮೆ ನಿಂತಂತಾಗುವುದು. ಮಾಲಿಂಗ ಎಲ್ಲಿಂದಲೋ ಗಾಡಿ ತಂದ. ಹಬ್ಬದ ದಿನವಾದರೂ ಡಾಕ್ಟರಬಾಯಿ ಓಡಿಬಂದರು. ಬಡಿತ ದಾರಿಗೆ ಬರುವ ಹೊತ್ತಿಗೆ ಮರುದಿನವಾಯಿತು. ಆಮೇಲೆ ಏಕೆ ಹೀಗಾಯಿತೆಂದು ಕೇಳಿದರು, ನಾನು ಹೇಳಿದೆ. ಅವರು ಬೈಯಲಿಲ್ಲ. "ಮಷೀನಿಗೆ ಸೂಟಿ ಕೊಟ್ರಿ. ಆ ಹೃದಯಕ್ಕ ಯಾರು ಕೊಡಬೇಕ್ರಿ?" ಎಂದರು.

ಈಗ ಬೇರೆ ಚಿಂತೆ ಹತ್ತಿದೆ. ಇವರು ಮಲಗಲು ಅಂಜುತ್ತಾರೆ. ಮಷೀನು ಹಾಕಿಕೊಳ್ಳುತ್ತಾರೆ, ಆದರೆ ಕಣ್ಣು ಮುಚ್ಚಿದ ಕೂಡಲೇ ಜಿಗಿದು ಏಳುತ್ತಾರೆ. "ಮಲಗಿದರ ಏಳ್ತೇನೋ ಇಲ್ಲೋ" ಎನ್ನುತ್ತಾರೆ. ನಿದ್ದೆಯಿಲ್ಲದಿದ್ದರೆ ಬಡಿತ ಮತ್ತೆ ಕೆಡಬಹುದಂತೆ. ನನ್ನ ಮಾತು ನಡೆಯುವುದಿಲ್ಲ. ನೀವು ಬರಬೇಕು, ಅಕ್ಕಾರ.

ನಿಮ್ಮ
ಶೈಲಾ

❖

ಹುಕ್ಕೇರಿ
೨೮ ಅಕ್ಟೋಬರ್ ೨೦೨೫

ಗುರು,

ಸುಖವಾಗಿ ಮುಟ್ಟಿದೆ. ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗ ಶೈಲಾ ಕಟ್ಟಿಕೊಟ್ಟ ಹೋಳಿಗೆಯ ಡಬ್ಬಿ ಮರೆಯಲಿದ್ದೆ, ಕಂಡಕ್ಟರು ಕರೆದುಕೊಟ್ಟರು. ನಿನ್ನ ಮಾವ ಇಷ್ಟು ದಿನ ಒಬ್ಬರೇ ಇದ್ದು ಸೊರಗಿಲ್ಲ, ಪಕ್ಕದ ಮನೆಯವರ ಊಟ ಉಂಡು ಇನ್ನಷ್ಟು ದುಂಡಗಾಗಿದ್ದಾರೆ.

ನಿಮ್ಮ ಮನೆಯಲ್ಲಿ ಅಷ್ಟು ದಿನ ಇದ್ದೆ, ಹೇಳಬೇಕಾದ ಒಂದು ಮಾತು ಹೇಳಲಾಗಲಿಲ್ಲ. ಗಿರಣಿಯ ಮಾತು ನನ್ನದು. ನಿನಗೆ ಧೈರ್ಯ ಬರಲಿ ಎಂದು ಹೇಳಿದ್ದು ನಿನ್ನನ್ನು ಸಾವಿನ ಬಾಗಿಲಿಗೆ ಒಯ್ದಿತು. ಗಿರಣಿಗೆ ಒಂದು ದಿನ ಬಿಡುವು ಇದೆ ಎಂದು ಗಿರಣಿ ಮನೆಯಲ್ಲೇ ಹುಟ್ಟಿದ ನನಗೆ ನೆನಪಾಗಲಿಲ್ಲ. ಖಂಡೇ ಪೂಜೆಗೆ ಕೂಡಿಸುತ್ತೇನೆ ಎಂದು ನೀನು ಬರೆದರೂ ಹೊಳೆಯಲಿಲ್ಲ, ಹೂವಿನ ಮಾತು ಬರೆದೆ. ಶೈಲಾಳ ಕಾಗದ ಓದಿದ ದಿನದಿಂದ ಅದೇ ಎದೆಯಲ್ಲಿ ಕುಟ್ಟುತ್ತಿದೆ. ನೀನು ಒಮ್ಮೆಯೂ "ನೀ ಹೇಳಿದ್ದಿ" ಎನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ.

ಇನ್ನು ಮುಂದೆ ಇಷ್ಟೇ ತಿಳಿ. ಮಷೀನಿಗೆ ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ, ಮದುವೆ ಮನೆಯಿಲ್ಲ. ಊರಿಗೆ ಹೋದರೆ ಅದೂ ಬರಬೇಕು. ಇಷ್ಟು ರಾತ್ರಿ ನಿನ್ನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಕಣ್ಣುರೆಪ್ಪೆ ಹಚ್ಚದೆ ನಿನ್ನ ಉಸಿರು ಕಾದಿದ್ದೇನೆ. ಈಗ ನಾನು ಇಲ್ಲಿದ್ದೇನೆ, ನೀನು ಅಲ್ಲಿ. ಕೊನೆಯ ವಾರ ನೀನು ಚೆನ್ನಾಗಿ ಮಲಗಿದೆ ಎನ್ನುವುದೊಂದೇ ಸಮಾಧಾನ. ಹೇಗೆ ಮಲಗುತ್ತಿದ್ದೀಯ, ಬರೆ.

ಅಕ್ಕ

❖

ಮೂಡಲಗಿ
೯ ನವೆಂಬರ್ ೨೦೨೫

ಅಕ್ಕ, ಶರಣು.

ಕಣ್ಣುರೆಪ್ಪೆ ಹಚ್ಚದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಶೈಲಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇದನ್ನು ಬರೆಯಬೇಕೋ ಬೇಡವೋ ಎಂದು ಹತ್ತು ದಿನ ತಡೆದೆ.

ನೀನು ಬಂದ ದಿನ ನೆನಪಿದೆಯೇ? "ನಾ ಕಾಯ್ತೇನಿ, ನೀ ಮಲಗು" ಎಂದು ಚಾಪೆ ಹಾಸಿದೆ. ಕಾವಲಿಗೆ ಬಂದವಳು ನೀನು, ಮೊದಲು ನಿದ್ದೆ ಹೋದವಳೂ ನೀನು. ನಾನು ಮುಸುಕು ಹಾಕಿಕೊಂಡು ಜಂತಿ ನೋಡುತ್ತಿದ್ದೆ. ನಿನ್ನ ಗೊರಕೆ ಶುರುವಾಯಿತು. ನಗು ಬಂತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದುಕೊಂಡೆ. ಆಮೇಲೆ ಒಮ್ಮೆಲೇ ಸದ್ದು ನಿಂತಿತು.

ಮಗ್ಗುಲಾಗಿರಬೇಕು ಎಂದುಕೊಂಡೆ. ಬಗ್ಗಿ ನೋಡಿದೆ, ಅಂಗಾತವೇ ಇದ್ದೆ. ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು, ಗಾಳಿ ಮಾತ್ರ ಆಡುತ್ತಿರಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಮುಸುಕು ಕಿತ್ತು "ಅಕ್ಕಾ" ಎಂದು ಕೂಗಿದೆ. ಆ ಆಪರೇಷನ್ ಆದ ಮೇಲೆ ನನ್ನ ಬಾಯಿಂದ ಬಂದ ಮೊದಲ ಗಟ್ಟಿ ಕೂಗು ಅದು. ನೀನು ಮುಳುಗಿ ಎದ್ದವಳಂತೆ ಉಸಿರೆಳೆದುಕೊಂಡೆ, ಮತ್ತೆ ಮಲಗಿದೆ. ಬೆಳಿಗ್ಗೆ ಎದ್ದು "ರಾತ್ರಿಯೆಲ್ಲಾ ಎಚ್ಚರ ಇದ್ನೆಪಾ, ಚಲೋ ಮಲಗಿದಿ" ಎಂದೆ.

ಒಂದು ದಿನದ್ದಿರಬಹುದು, ಬಸ್ಸಿನ ದಣಿವಿರಬಹುದು ಎಂದು ಹೇಳಲಿಲ್ಲ. ಮರುದಿನ ಶೈಲಾಳನ್ನು ಕರೆದು ಕೇಳಿಸಿದೆ. ದಿನವೂ ಅದೇ. ನೀನು ಬೆಳ್ಳುಳ್ಳಿ ಸುಲಿಯುತ್ತ ಗೋಡೆಗೆ ಒರಗಿ ತೂಕಡಿಸುವುದನ್ನೂ ಆಗ ನೋಡಿದೆವು. ಮುಂಜಾನೆ ತಲೆನೋವೆಂದು ಹಣೆಗೆ ಕಟ್ಟಿಕೊಳ್ಳುವ ಆ ಬಟ್ಟೆಯನ್ನೂ ನೋಡಿದೆವು. ಮಾವನವರು ಇದನ್ನು ಹೇಳುವಂತಿಲ್ಲ, ಅವರಿಗೆ ನಿನ್ನ ಗೊರಕೆಯೂ ಕೇಳಿಸುವುದಿಲ್ಲ, ಅದು ನಿಂತದ್ದೂ ಕೇಳಿಸುವುದಿಲ್ಲ.

ಅಕ್ಕ, ಮಲಗಿದವನಿಗೆ ಏನೂ ಗೊತ್ತಾಗುವುದಿಲ್ಲ. ಬಾಜೂ ಕೂತು ಕೇಳುವವರಿಗೆ ಗೊತ್ತು. ಶೈಲಾ ಇಷ್ಟು ವರ್ಷ ಏನು ಕೇಳುತ್ತಿದ್ದಳೆಂದು ನನಗೆ ನಿನ್ನಿಂದ ತಿಳಿಯಿತು. ಆಮೇಲೆ ನಾನು ಮಷೀನಿಗೂ ಅಂಜಲಿಲ್ಲ, ನಿದ್ದೆಗೂ ಅಂಜಲಿಲ್ಲ. ಶೈಲಾಳಿಗೆ ಆ ಸದ್ದು ಮತ್ತೆ ಕೇಳಿಸಬಾರದು ಎಂದಷ್ಟೇ ಇತ್ತು. ಮಂದಿ ಅಪ್ಪನನ್ನು ಪುಣ್ಯವಂತರು ಎಂದರಲ್ಲ, ಆ ರಾತ್ರಿ ಅವ್ವ ತವರಿಗೆ ಹೋಗಿದ್ದಳು. ಬಾಜೂದಲ್ಲಿ ಕೂಗಿ ಎಬ್ಬಿಸುವವರು ಯಾರೂ ಇರಲಿಲ್ಲ, ಅಷ್ಟೇ.

ಗಿರಣಿಯ ಮಾತಿಗೆ ಕೊರಗಬೇಡ. ನೀನು ಆ ಮಾತು ಹೇಳದಿದ್ದರೆ ಮಷೀನು ಇನ್ನೂ ತಿಜೋರಿಯ ಮೇಲೆ ಧೋತರ ಹೊದ್ದಿರುತ್ತಿತ್ತು, ನಾನು ಖಂಡೇ ಪೂಜೆಯ ತನಕ ಉಳಿಯುತ್ತಿದ್ದೆನೋ ಇಲ್ಲವೋ. ಆಮ್ರಪಾಲಿಯವರ ಹತ್ತಿರ ಮಾತಾಡಿದ್ದೇನೆ. ೧೮ನೇ ತಾರೀಖು ಮಂಗಳವಾರ ನಿನ್ನ ಪರೀಕ್ಷೆ. ಒಂದು ರಾತ್ರಿ ಅಲ್ಲಿ ಮಲಗಬೇಕು, ಮೈಗೆ ಸಣ್ಣ ವಾಯರು ಹಚ್ಚುತ್ತಾರೆ, ನೋವಿಲ್ಲ. ನೆಪ ಹೇಳಬೇಡ. ನೆಪಗಳೆಲ್ಲ ನನಗೆ ಬಾಯಿಪಾಠ ಇವೆ.

ನಿನ್ನ ತಮ್ಮ
ಗುರುಪಾದ

❖

ಹುಕ್ಕೇರಿ
೧೪ ನವೆಂಬರ್ ೨೦೨೫

ಗುರು,

ಮಲಗಿದ ಹೆಂಗಸಿನ ಗೊರಕೆ ಕೇಳಿ ಊರಿಗೆ ಡಂಗುರ ಸಾರಲು ನಿನಗೆ ಯಾರು ಹೇಳಿದ್ದರು? ನನ್ನ ವಯಸ್ಸಿನಲ್ಲಿ ಯಾರು ಗೊರಕೆ ಹೊಡೆಯುವುದಿಲ್ಲ? ತಲೆನೋವು ಕನ್ನಡಕದ್ದು. ತೂಕಡಿಕೆ ನಿಮ್ಮ ಮನೆಯ ಹೋಳಿಗೆಯದು. ಮಂಗಳವಾರ ಇಲ್ಲಿ ನೀರು ಬಿಡುವ ದಿನ, ನಿನ್ನ ಮಾವನಿಗೆ ನಲ್ಲಿ ಬಂದದ್ದು ಕೇಳಿಸುವುದಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಈಗ ಮತ್ತೆ ಎತ್ತಿಕೊಂಡಿದ್ದೇನೆ.

ನಿನ್ನ ಕಾಗದ ಬಂದ ದಿನದಿಂದ ನಾನು ಮಲಗಿಲ್ಲ. ಈ ಸಲ ಖರೇನೇ ಮಲಗಿಲ್ಲ. ಗೋಡೆಗೆ ದಿಂಬಿಟ್ಟುಕೊಂಡು ಕೂತಿರುತ್ತೇನೆ. ನಿನ್ನ ಮಾವನಿಗೆ ವಿಷಯ ಬರೆದು ತೋರಿಸಿದೆ. ಅವರು ಓದಿ, ಎದ್ದು ಹೋಗಿ, ತಮ್ಮ ಹಾಸಿಗೆಯನ್ನು ನನ್ನ ಹಾಸಿಗೆಗೆ ತಾಗಿಸಿ ಹಾಸಿದರು. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗುತ್ತಾರೆ. ಕೇಳಿಸದಿದ್ದರೆ ಕೈಗಾದರೂ ತಿಳಿಯಲಿ ಎಂದಿರಬೇಕು. ಹೊಟ್ಟೆ ಆಡಿದರೂ ಗಾಳಿ ಆಡುವುದಿಲ್ಲ ಎಂದು ನೀನು ಬರೆದದ್ದನ್ನು ನಾನು ಅವರಿಗೆ ತೋರಿಸಿಲ್ಲ.

ನಿನಗೆ ಆಪರೇಷನ್ ಆದಾಗ, ಬನ್ನಿಯ ಸುದ್ದಿ ಬಂದಾಗ ನಾನು ಅಂಜಿದ್ದು ಬೇರೆ. ಅದರಲ್ಲಿ ನಾನು ಅಕ್ಕ, ನೀನು ತಮ್ಮ. ಬೈಯಲು, ಬರೆಯಲು, ಬಸ್ಸು ಹತ್ತಲು ದಾರಿಯಿತ್ತು. ಇದು ಒಬ್ಬಳೇ ಕೂತು ಅಂಜುವುದು, ತಮ್ಮಾ. ನೀನು ತಿಂಗಳುಗಟ್ಟಲೆ ಇದನ್ನು ಹೊತ್ತುಕೊಂಡು ಕೂತಿದ್ದೆ, ನಾನು ಹುಕ್ಕೇರಿಯಿಂದ ಬುದ್ಧಿವಾದ ಕಳಿಸುತ್ತಿದ್ದೆ. ನನಗೆ ಆ ವಾಯರು ಬೇಡ, ಆ ಮುಸುಕು ಬೇಡ. ಆದರೆ ಬದುಕಬೇಕು. ಅಪ್ಪ ಹೋದ ಹಾಗೆ ನಾನು ಹೋಗಲಾರೆ.

ಬರುತ್ತೇನೆ. ಗೋಕಾಕ ಬಸ್ ಸ್ಟ್ಯಾಂಡಿಗೆ ಮಾಲಿಂಗನನ್ನು ಕಳಿಸಬೇಡ, ನೀನೇ ಬಾ. ಆ ರಾತ್ರಿ ನನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಲು ಡಾಕ್ಟರಿಗೆ ಕೇಳು, ನೀನು ಅದರ ಮೇಲೆ ಮಲಗು. ಎಚ್ಚರವಿದ್ದು ನನ್ನನ್ನು ಕಾಯುತ್ತೇನೆ ಎಂದು ಹಟ ಹಿಡಿಯಬೇಡ, ಕಾಯಲು ಅವರಿದ್ದಾರೆ. ನೀನು ಬಾಜೂ ಇದ್ದರೆ ಸಾಕು. ಬರುವಾಗ ನಿನ್ನ ಮಷೀನು ಮರೆಯಬೇಡ.

ನಿನ್ನ ಅಕ್ಕ
ರಾಜೇಶ್ವರಿ